ಭಾವನವರ ಇಂಜಿನ್ನು

25 ಸಿ.ಸಿ. ಇಂಜಿನ್ನಿಗೂ 35 ಸಿ.ಸಿ. ಇಂಜಿನ್ನಿಗೂ ಏನು ವ್ಯತ್ಯಾಸವೆಂದು ಒಂದು ವರ್ಷದ ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ, ಹತ್ತು ಎಂದು ಹೇಳಿ ಮುಂದೆ ನಡೆದುಬಿಡುತ್ತಿದ್ದೆ. ಸಿ.ಸಿ. ಎಂಬುದು ಉದ್ದವೋ ತೂಕವೋ ಎಂಬುದೂ ನನಗೆ ಸರಿಯಾಗಿ ತಿಳಿದಿರಲಿಲ್ಲ. ಇಪ್ಪತ್ತು ವರ್ಷದಿಂದ ಹುಡುಗರಿಗೆ ಹಳಗನ್ನಡ ಪಾಠ ಹೇಳಿಕೊಂಡು ಬಂದವನಿಗೆ ಅದು ತಿಳಿಯಬೇಕಾದ ಸಂದರ್ಭವೂ ಒದಗಿರಲಿಲ್ಲ. ಸ್ಕೂಟರು ಕೆಟ್ಟರೆ ಅದನ್ನು ತಳ್ಳಿಕೊಂಡು ಹೋಗುವುದು, ಯಂತ್ರವಿದ್ಯೆಯಲ್ಲಿ ನನಗಿದ್ದ ಪರಿಶ್ರಮವೆಲ್ಲ ಇಷ್ಟೆ. ಈಗ ನೋಡಿ, ಬೀದಿಯಲ್ಲಿ ಯಾರಾದರೂ ಹುಲ್ಲು ಕೊಚ್ಚುವ ಮಿಷನ್ನನ್ನು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದರೆ ನಿಂತು, ಅದರ ಸಿಲಿಂಡರಿನ ಅಡ್ಡಳತೆ ಎಷ್ಟಿರಬಹುದೆಂದು ಅಂದಾಜು ಕಟ್ಟುತ್ತೇನೆ. ಇದಕ್ಕೆಲ್ಲ ಕಾರಣ ನಮ್ಮ ಭಾವನವರು.

ಭಾವನವರು ಮೈಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಮಾತು ಬಹಳ ಕಡಮೆ. ಆ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ನಮ್ಮ ಅಕ್ಕನೇ ಆಡಿ ಮುಗಿಸುತ್ತಿದ್ದಳು. ಕಳೆದ ವರ್ಷ ಆಷಾಢದಲ್ಲಿ ಅಕ್ಕ ತೀರಿಕೊಂಡಳು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಗೆ ಬನ್ನಿ ಎಂದರೆ ಇವರು ಒಲ್ಲರು. ಅಂತೂ ಪ್ರತಿ ಭಾನುವಾರ ಬೆಳಗ್ಗೆ ಹೋಗಿ ಬರುವುದನ್ನು ನಾನೊಂದು ವ್ರತವಾಗಿ ಹಿಡಿದೆ. ಅವರು ಕಾಫಿ ಮಾಡುತ್ತಿದ್ದರು, ನಾನು ಕುಡಿಯುತ್ತಿದ್ದೆ. “ಕಾಲೇಜು?” ಎನ್ನುವರು. “ನಡೀತಾ ಇದೆ” ಎನ್ನುವೆ. ಆಮೇಲೆ ಗಡಿಯಾರದ ಸದ್ದು. ನಮ್ಮಿಬ್ಬರ ನಡುವೆ ಇದ್ದ ನಂಟೆಲ್ಲ ಅವಳೇ ಆಗಿದ್ದಳು ಎಂಬುದು ಅವಳು ಹೋದಮೇಲೆ ಇಬ್ಬರಿಗೂ ತಿಳಿಯಿತು. ಹೋಗದೆ ಇರಲು ಮನಸ್ಸು ಬಾರದು. ಹೋದರೆ ಕೂತಿರಲು ಆಗದು. ಹೀಗೆ ನಾಲ್ಕು ತಿಂಗಳು ಕಳೆಯಿತು.

ಒಂದು ಭಾನುವಾರ ನಾನು ಚಪ್ಪಲಿ ಬಿಡುವುದರೊಳಗೆ ಅವರು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ಒಂದು ಸೈಕಲ್ಲಿನ ಚಿತ್ರ. ಸೈಕಲ್ಲೇ ಎನ್ನುವಂತಿಲ್ಲ, ಮೋಟಾರ್ ಸೈಕಲ್ಲೆನ್ನಲೂ ಆಗದು. ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಮೇಲಿನ ಎರಡು ಕಂಬಿಗಳ ನಡುವೆ ತೂರಿಸಿದ ಉದ್ದನೆಯ ಪೆಟ್ರೋಲು ಡಬ್ಬ, ಕಾಲ ನಡುವೆ ಪುಟ್ಟ ಇಂಜಿನ್ನು. ಅಮೆರಿಕದಲ್ಲಿ 1910ರ ಸುಮಾರಿಗೆ ಮರದ ಹಲಗೆ ಹಾಸಿದ ಗುಂಡು ಮೈದಾನಗಳಲ್ಲಿ ಇಂಥ ಗಾಡಿಗಳನ್ನು ಪಂದ್ಯಕ್ಕೆ ಓಡಿಸುತ್ತಿದ್ದರಂತೆ. ಲಾಸ್ ಏಂಜಲೀಸ್ ಬಳಿಯ ಪ್ಲಾಯಾ ಡೆಲ್ ರೇ ಎಂಬಲ್ಲಿ ಮೊದಲನೆಯ ಹಲಗೆ ಮೈದಾನ ಆ ವರ್ಷವೇ ಎದ್ದಿತು. ಗಾಡಿಗಳಿಗೆ ಬ್ರೇಕು ಎಂಬುದೇ ಇಲ್ಲ. 1912ರಲ್ಲಿ ನೆವಾರ್ಕಿನಲ್ಲಿ ಒಂದು ಗಾಡಿ ನೋಡುವವರ ಮೇಲೆಯೇ ನುಗ್ಗಿ ಹಲವರು ಸತ್ತರು. ಇಂಥದರ ಪಡಿಯಚ್ಚನ್ನು ಈಗಿನವರು ಮನೆಯ ಹಿತ್ತಲಲ್ಲಿ ಕೂತು ಮಾಡುತ್ತಾರೆ. ಬ್ರೇಕನ್ನು ಮಾತ್ರ ಮರೆಯದೆ ಹಾಕುತ್ತಾರೆ ಎಂದು ಭಾವನವರು ಹೇಳಿದರು. ಅವರ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಾನೂ ಒಂದು ಮಾಡೋಣ ಅಂತ” ಎಂದರು.

ಸೈಕಲ್ಲಿನ ಚಿಂತೆ ಇರಲಿಲ್ಲ. ಅಮೆರಿಕದವರು ಹಳೆಯ ನಮೂನೆಯ ಫ್ರೇಮಿಗಾಗಿ ಊರೂರು ಅಲೆಯಬೇಕು. ನಮ್ಮಲ್ಲಿ ಹಾಲಿನವನು ಏರಿ ಬರುವ ಕರಿಯ ಸೈಕಲ್ಲೇ ನೂರು ವರ್ಷದ ಹಿಂದಿನದು. ಅದೇ 28 ಅಂಗುಲದ ಚಕ್ರ, ಅದೇ ಕಂಬಿಯ ಬ್ರೇಕು, ಅದೇ ಸ್ಪ್ರಿಂಗಿನ ಸೀಟು. ಹಳೆಯದನ್ನು ಬಿಡಲು ನಮಗೆ ಪುರಸೊತ್ತಾಗಲಿಲ್ಲ ಎಂಬುದರಿಂದಲೂ ಒಮ್ಮೊಮ್ಮೆ ಲಾಭವುಂಟು. ಭಾವನವರ ಹಿತ್ತಲಲ್ಲಿ ಅಂಥದೊಂದು ತುಕ್ಕು ಹಿಡಿದು ನಿಂತಿತ್ತು. “ಮಿಕ್ಕಿದ್ದನ್ನೆಲ್ಲ ಬಗ್ಗಿಸಬಹುದು, ಕೊಯ್ಯಬಹುದು, ಬೆಸುಗೆ ಹಾಕಬಹುದು. ಇಂಜಿನ್ನನ್ನು ಮಾತ್ರ ಆರಿಸಬೇಕು. ಅದರಲ್ಲಿ ತಪ್ಪಿದರೆ ಎಲ್ಲಾ ತಪ್ಪಿತು” ಎಂದರು.

ಆರಿಸುವುದೆಂದರೆ ನನ್ನ ಕಸುಬು ಎಂದು ನನಗೆ ಒಳಗೊಳಗೇ ಹುಮ್ಮಸ್ಸು ಬಂತು. ಓಲೆಗರಿಯ ನಾಲ್ಕು ಪ್ರತಿಗಳಲ್ಲಿ ನಾಲ್ಕು ಪಾಠಾಂತರಗಳಿದ್ದರೆ ಯಾವುದು ಕವಿಯದು, ಯಾವುದು ಲಿಪಿಕಾರನ ಕೈವಾಡ ಎಂದು ಸೋಸುವ ಕೆಲಸವನ್ನು ನಾನೂ ಸ್ವಲ್ಪ ಮಾಡಿದವನು. “ಭಾವ, ಮೊದಲು ಮೂಲಪ್ರತಿ ಯಾವುದು ಅಂತ ಗೊತ್ತಾಗಲಿ” ಎಂದೆ. ಅಂದಿನಿಂದ ಕಾಲೇಜಿನ ಪುಸ್ತಕಭಂಡಾರದಲ್ಲಿ ಇಂಜಿನ್ನಿನ ಇತಿಹಾಸ ಓದತೊಡಗಿದೆ. ನಮ್ಮ ಗ್ರಂಥಪಾಲಕರಿಗೆ ನನ್ನ ವಿಚಾರವಾಗಿ ಸ್ವಲ್ಪ ಕಳವಳವಾಯಿತೆಂದು ಆಮೇಲೆ ತಿಳಿಯಿತು.

ಮೂಲ ಹುಡುಕುತ್ತ ಹೋದರೆ ಅದೊಂದು ದೊಡ್ಡ ಗೊಂದಲ. ಸೈಕಲ್ಲಿಗೆ ಇಂಜಿನ್ನು ಹಾಕಬೇಕೆಂಬುದು ಎಲ್ಲರಿಗೂ ಹೊಳೆದಿದೆ. ಎಲ್ಲಿ ಹಾಕಬೇಕೆಂಬುದು ಯಾರಿಗೂ ಗೊತ್ತಿಲ್ಲ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವರ್ನರ್ ಸೋದರರು 1897ರಲ್ಲಿ ಮುಂದಿನ ಚಕ್ರದ ಮೇಲೆ ಇಟ್ಟರು. ತಲೆಭಾರವಾಗಿ ಗಾಡಿ ಒದ್ದೆ ರಸ್ತೆಯಲ್ಲಿ ಮಗುಚುತ್ತಿತ್ತು. 1901ರಲ್ಲಿ ಅವರೇ ಅದನ್ನು ಇಳಿಸಿ ಪೆಡಲಿರುವ ಜಾಗಕ್ಕೆ ತಂದರು. ಇಂದಿನ ಮೋಟಾರ್ ಸೈಕಲ್ಲುಗಳೆಲ್ಲ ಅದನ್ನೇ ಹಿಡಿದು ನಡೆದಿವೆ. ಅದೇ ವರ್ಷ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಇಂಡಿಯನ್ ಎಂಬ ಗಾಡಿ ಹುಟ್ಟಿತು. (ಹೆಸರು ಕೇಳಿ ಹಿಗ್ಗಬೇಡಿ, ಅದು ನಾವಲ್ಲ.) ಅದರಲ್ಲಿ ಸೀಟಿನ ಕೆಳಗಿನ ಕಂಬಿಯ ಜಾಗದಲ್ಲಿ ಸಿಲಿಂಡರನ್ನೇ ನಿಲ್ಲಿಸಿದ್ದರು. ರಾಯಲ್ ಎನ್‌ಫೀಲ್ಡಿನ 1901ರ ಮೊದಲ ಗಾಡಿಯಲ್ಲಿ ಇಂಜಿನ್ನು ಹ್ಯಾಂಡಲ್ಲಿನ ಮುಂದೆ ತೂಗುತ್ತಿತ್ತು. ಅಲ್ಲಿಂದ ಹಿಂದಿನ ಚಕ್ರದವರೆಗೆ ಉದ್ದನೆಯ ತೊಗಲಿನ ಬೆಲ್ಟು. ಆ ಗಾಡಿ ಈಗ ಒಂದೂ ಉಳಿದಿಲ್ಲ. ನೂರಿಪ್ಪತ್ತು ವರ್ಷ ತುಂಬಿದ ನೆನಪಿಗೆ ಆ ಕಂಪನಿಯವರು ಹಳೆಯ ಫೋಟೋಗಳನ್ನೂ ಜಾಹೀರಾತುಗಳನ್ನೂ ನೋಡಿಕೊಂಡು ಅದರದೊಂದು ಪಡಿಯಚ್ಚು ಕಟ್ಟಿದರು. ಅವರಿಗೆ ಇಂಜಿನ್ನು ಆರಿಸುವ ಗೊಡವೆ ಇರಲಿಲ್ಲ. ಸಿಕ್ಕದ್ದನ್ನು ಹೊಸದಾಗಿ ಮಾಡಿಯೇಬಿಟ್ಟರು. ಕಂಪನಿಯವರಿಗೆ ಸಾಗುತ್ತದೆ, ಪಿಂಚಣಿದಾರರಿಗೆ ಸಾಗುವುದಿಲ್ಲ.

ಭಾವನವರಿಗೆ ಹಿಡಿಸಿದ್ದು ಬೆಲ್ಜಿಯಮ್ಮಿನ ಆಂಟ್ವರ್ಪಿನಲ್ಲಿ ಮಾಡುತ್ತಿದ್ದ ಮಿನರ್ವ ಇಂಜಿನ್ನು. ಆ ಪಟ್ಟಣದವರು ಇಂಜಿನ್ನನ್ನು ಬಿಡಿಯಾಗಿಯೇ ಮಾರುತ್ತಿದ್ದರು. ನಿಮ್ಮ ಮನೆಯ ಸೈಕಲ್ಲಿನ ಮುಂದಿನ ಇಳಿಗಂಬಿಗೆ ಬಿಗಿದುಕೊಂಡು, ಹಿಂದಿನ ಚಕ್ರಕ್ಕೆ ಬೆಲ್ಟು ಹಾಕಿಕೊಂಡರೆ ಮುಗಿಯಿತು. 211 ಸಿ.ಸಿ., ಒಂದೂವರೆ ಕುದುರೆಯ ಬಲ. ಟ್ರಯಂಫ್‌ನವರು 1902ರಲ್ಲಿ ಹೊರತಂದ ಮೊದಲ ಮೋಟಾರ್ ಸೈಕಲ್ಲಿನಲ್ಲಿದ್ದದ್ದೂ ಮಿನರ್ವದ ಇಂಜಿನ್ನೇ. “ಇದು ಸರಿ. ಸೈಕಲ್ಲು ಸೈಕಲ್ಲಾಗಿಯೇ ಇರುತ್ತೆ” ಎಂದರು ಭಾವನವರು.

ಸರಿ, ಮೂಲ ಸಿಕ್ಕಿತು. ಆದರೆ ಮಿನರ್ವವನ್ನು ಎಲ್ಲಿಂದ ತರುವುದು? ಅದರ ಜಾಗದಲ್ಲಿ ನಿಲ್ಲುವಂಥದು ಏನಾದರೂ ಬೇಕು. ಮುಂದಿನ ಆರು ಭಾನುವಾರಗಳು ಇದರಲ್ಲೇ ಹೋದವು.

ಮೊದಲನೆಯದು ಚೀನಾದ ಎರಡು ಸ್ಟ್ರೋಕಿನ ಇಂಜಿನ್ನು. ಲೋಕದಲ್ಲೆಲ್ಲ ಈ ಹವ್ಯಾಸದವರು ಮೊದಲು ಕೈ ಹಾಕುವುದು ಇದಕ್ಕೆ. ಸೈಕಲ್ಲಿನ ಹೊಟ್ಟೆಯಲ್ಲಿ ಕೂರುವಂತೆಯೇ ಮಾಡಿರುತ್ತಾರೆ. ಸಿಲಿಂಡರು ನೆಟ್ಟಗೆ ನಿಲ್ಲುವುದರಿಂದ ದೂರಕ್ಕೆ ಹಳೆಯದರಂತೆಯೇ ಕಾಣುತ್ತದೆ. ಅದನ್ನು 80 ಸಿ.ಸಿ. ಎಂದು ಮಾರುತ್ತಾರೆ. ಭಾವನವರು 47 ಮಿಲಿಮೀಟರ್ ಅಡ್ಡಳತೆ, 38 ಮಿಲಿಮೀಟರ್ ಓಟ ಎಂದು ಗುಣಿಸಿ ನೋಡಿದರೆ 66 ಸಿ.ಸಿ. ಮಾತ್ರ ಬಂತು. “ಹೆಸರಿನಲ್ಲೇ ಸುಳ್ಳು ಹೇಳೋನು ಪಿಸ್ಟನ್ನಿನಲ್ಲಿ ನಿಜ ಹೇಳ್ತಾನಾ?” ಎಂದು ಅದನ್ನು ಬಿಟ್ಟರು. ಅದೂ ಅಲ್ಲದೆ ಅದು ಗಡಗಡ ನಡುಗಿ ಚಕ್ರದ ಕಡ್ಡಿ ಮುರಿಯುತ್ತದಂತೆ; ಹಲ್ಲಿನ ಚಕ್ರವನ್ನು ಆ ಕಡ್ಡಿಗಳಿಗೇ ರಬ್ಬರಿಟ್ಟು ಬಿಗಿಯುತ್ತಾರೆ.

ಎರಡನೆಯದು ಗುಜರಿಯಲ್ಲಿ ಸಿಕ್ಕಿತು. ಒಂದು ಹಳೆಯ ಟಿವಿಎಸ್ 50 ಗಾಡಿಯ ಇಂಜಿನ್ನು, ಜಿಡ್ಡು ಮೆತ್ತಿಕೊಂಡಿದ್ದರೂ ಜೀವವಿತ್ತು. ಗುಜರಿಯವನು ಹೇಳಿದ ಬೆಲೆಯೂ ಅಗ್ಗ. ಭಾವನವರು ಅದನ್ನು ಕೈಗೆತ್ತಿಕೊಂಡು ಮ್ಯಾಗ್ನೆಟೊವನ್ನು ಬೆರಳಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಏನೋ ಹೇಳುವವರಂತೆ ನನ್ನ ಕಡೆ ನೋಡಿದರು. ಆಮೇಲೆ ಅದನ್ನು ಇದ್ದಲ್ಲಿಯೇ ಇಟ್ಟು “ಬೇಡ” ಎಂದರು. ಏಕೆಂದು ನಾನು ಕೇಳಲಿಲ್ಲ. ಅಕ್ಕನ ಮದುವೆಯಾದ ಹೊಸತರಲ್ಲಿ ಅವರ ಮನೆಯಲ್ಲಿ ಇದ್ದದ್ದು ಅದೇ ಗಾಡಿ.

ಮೂರನೆಯದು ತೀರ್ಥಹಳ್ಳಿಯ ಕಡೆಯ ನಂಟರೊಬ್ಬರ ಅಡಿಕೆ ತೋಟದಿಂದ ಬಂತು. ಮಲೆನಾಡಿನಲ್ಲಿ ಆಳುಗಳು ಸಿಕ್ಕದೆ ಹೋದಮೇಲೆ ತೋಟದ ಕಳೆ ಕೊಚ್ಚುವ ಮಿಷನ್ನು ಈಗ ಬೇಕಾದಷ್ಟು ಮನೆಗಳಲ್ಲಿದೆ. ಅದರ ತಲೆಯಲ್ಲಿರುವುದು ಅಂಗೈಮೇಲೆ ನಿಲ್ಲುವಂಥ ನಾಲ್ಕು ಸ್ಟ್ರೋಕಿನ ಹೋಂಡಾ ಇಂಜಿನ್ನು. ಇದರಲ್ಲಿ ಎರಡು ಬಗೆ: 35 ಸಿ.ಸಿ.ಯದು ಒಂದು, 25 ಸಿ.ಸಿ.ಯದು ಇನ್ನೊಂದು. ಹೇಗೆ ವಾಲಿಸಿದರೂ ಓಡುತ್ತದೆ. ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತದೆ. ವೇಗ ಹೆಚ್ಚಿದಾಗ ತಾನಾಗಿಯೇ ಕಚ್ಚುವ ಕ್ಲಚ್ಚು ಇದೆ. ಎರಡಕ್ಕೂ ತೂಕ ಮೂರು ಕಿಲೋ ಆಸುಪಾಸು.

ನಾನು 35ರ ಪಕ್ಷ ಹಿಡಿದೆ. ಹತ್ತು ಹೆಚ್ಚಿದ್ದರೆ ಕೆಟ್ಟುಹೋಯಿತೆ? ಹಾರ್ಲೆ ಮತ್ತು ಡೇವಿಡ್‌ಸನ್ ಎಂಬ ಹುಡುಗರು ಮೊದಲು 116 ಸಿ.ಸಿ.ಯ ಇಂಜಿನ್ನನ್ನು ಸೈಕಲ್ಲಿಗೆ ಹಾಕಿ, ಅದು ಪೆಡಲಿನ ನೆರವಿಲ್ಲದೆ ಮಿಲ್ವಾಕೀ ಊರಿನ ದಿಬ್ಬ ಹತ್ತದೆ ಹೋದಾಗ, ಅದನ್ನು ಬಿಟ್ಟು 405 ಸಿ.ಸಿ.ಗೆ ಹೋದದ್ದನ್ನು ಆಗತಾನೆ ಓದಿದ್ದೆ. ಅದನ್ನು ಉದಾಹರಿಸಿ ಉಪನ್ಯಾಸ ಮಾಡಿದೆ. ಭಾವನವರು ಎದ್ದು ಒಳಗಿನಿಂದ ಒಂದು ಪುಸ್ತಕ ತಂದರು. ಮೋಟಾರು ವಾಹನಗಳ ಕಾಯಿದೆ, 1988. ಎರಡನೆಯ ಕಲಮಿನಲ್ಲಿ ಮೋಟಾರು ವಾಹನವೆಂದರೇನೆಂದು ವಿವರಿಸಿ, ನಾಲ್ಕಕ್ಕಿಂತ ಕಡಮೆ ಚಕ್ರವಿದ್ದು ಇಂಜಿನ್ನಿನ ಗಾತ್ರ 25 ಘನ ಸೆಂಟಿಮೀಟರನ್ನು ಮೀರದಿದ್ದರೆ ಅದು ಮೋಟಾರು ವಾಹನವಲ್ಲ ಎಂದಿದೆ. ಎನ್‌ಫೀಲ್ಡಿನವರು ಹಿಂದೆ ಮೋಫ ಎಂಬ 22 ಸಿ.ಸಿ.ಯ ಪುಟ್ಟ ಗಾಡಿ ಮಾಡುತ್ತಿದ್ದುದನ್ನು ಹಲವರು ನೆನೆಸಿಕೊಳ್ಳಬಹುದು. ಅದೂ ಈ ಗೆರೆಯ ಒಳಗಿನದೇ. 35 ಆದರೆ ಗಾಡಿಯನ್ನು ಹಿತ್ತಲಲ್ಲಿ ಸುತ್ತಿಸಬೇಕು. ಮನೆಯಲ್ಲಿ ಮಾಡಿದ್ದನ್ನು ನೋಂದಾಯಿಸಿಕೊಂಡು ರಸ್ತೆಗೆ ತರುವುದು ನಮ್ಮಂಥವರಿಗೆ ಆಗುವ ಮಾತಲ್ಲ. 25 ಆದರೆ ಕಾನೂನಿನ ಕಣ್ಣಿಗೆ ಅದು ಬರಿಯ ಸೈಕಲ್ಲು.

“ನೋಡಯ್ಯ ಮೇಷ್ಟ್ರೇ, ನನಗೆ ರಸ್ತೆ ಬೇಕು” ಎಂದರು.

ಸೋಲೊಪ್ಪಲು ಮನಸ್ಸಾಗದೆ ನಾನೂ ಕಾಗದ ಪೆನ್ಸಿಲು ತೆಗೆದೆ. 25 ಸಿ.ಸಿ. ಎಂಬ ಆ ಇಂಜಿನ್ನಿನ ಅಡ್ಡಳತೆ 35 ಮಿಲಿಮೀಟರು, ಓಟ 26. ಗುಣಿಸಿದರೆ 25.01! “ಭಾವ, ಕಾಯಿದೆ ಮೀರಿತು!” ಎಂದು ಕೂಗಿದೆ. ಅವರು ನನ್ನ ಕಾಗದವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. “ಇದು ನಿನ್ನ ಷಟ್ಪದಿಯಲ್ಲ, ಮಾತ್ರೆ ಹೆಚ್ಚಾಯಿತು ಅನ್ನೋಕೆ. ಕಂಪನಿಯವನು 25 ಅಂತ ಬರೆದಿದ್ದಾನೆ. ಪೋಲೀಸಿನವನು ವರ್ನಿಯರ್ ತರೋದಿಲ್ಲ” ಎಂದು ನಕ್ಕರು. ಆಷಾಢದಿಂದೀಚೆಗೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆದರೂ ನನಗೊಂದು ಕಸಿವಿಸಿ ಉಳಿದೇ ಇತ್ತು. ಕಳೆ ಕೊಚ್ಚುವ ಇಂಜಿನ್ನನ್ನು ಮಿನರ್ವದ ಜಾಗದಲ್ಲಿ ತೂಗುಹಾಕುವುದು, ಹಳೆಯ ಕಾವ್ಯದ ನಡುವೆ ಹೊಸಗನ್ನಡದ ಸಾಲು ಸೇರಿಸಿದಂತಲ್ಲವೆ? ಅದರ ಮೈಗೆಲ್ಲ ಪ್ಲಾಸ್ಟಿಕ್ಕಿನ ಚಿಪ್ಪು. ಅದನ್ನು ಕಳಚೋಣವೆಂದರೆ ಫ್ಯಾನಿನ ಗಾಳಿ ಸಿಲಿಂಡರಿಗೆ ತಗಲದೆ ಇಂಜಿನ್ನು ಕಾದುಹೋಗುತ್ತದೆ. ಹಳೆಯ ಇಂಜಿನ್ನು ನಿಮಿಷಕ್ಕೆ ಒಂದೆರಡು ಸಾವಿರ ಸುತ್ತು ತಿರುಗುತ್ತ ಟಕ್ ಟಕ್ ಎಂದು ನಿಧಾನವಾಗಿ ಮಾತಾಡುತ್ತಿತ್ತು. ಇದು ಏಳು ಸಾವಿರ ಸುತ್ತಿನಲ್ಲಿ ಗುಂಯ್ ಎನ್ನುತ್ತದೆ. ಇವನ್ನೆಲ್ಲ ಹೇಳಿ, ಇದು ಮೂಲಕ್ಕೆ ನಿಷ್ಠವಾದ ಪಾಠವಲ್ಲ ಎಂದು ತೀರ್ಪು ಕೊಟ್ಟೆ.

“ಮೂಲದಲ್ಲಿ ಏನಿತ್ತು?” ಎಂದರು ಭಾವನವರು. “ಎಲ್ಲಿಯದೋ ಇಂಜಿನ್ನು, ಯಾರದೋ ಸೈಕಲ್ಲು.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾತ್ರವಲ್ಲ, ಅವರ ಮಾತಿಗೇ ಪುಷ್ಟಿ ಕೊಡುವ ಸಂಗತಿಯೊಂದು ನನ್ನ ಓದಿನಲ್ಲಿತ್ತು. ಅದನ್ನು ಮುಚ್ಚಿಡುವುದು ಸಂಪಾದಕನ ಧರ್ಮವಲ್ಲವೆಂದು ಹೇಳಿಬಿಟ್ಟೆ. ಯುದ್ಧ ಮುಗಿದ ಜಪಾನಿನಲ್ಲಿ, 1946ರಲ್ಲಿ, ಹಮಾಮತ್ಸು ಎಂಬ ಊರಿನಲ್ಲಿ ಸೊಯಿಚಿರೊ ಹೋಂಡಾ ಎಂಬಾತ ಸುಮ್ಮನೆ ಕೂತಿದ್ದ. ಸೈನ್ಯದ ವೈರ್‌ಲೆಸ್ಸಿಗೆ ವಿದ್ಯುತ್ತು ಒದಗಿಸಲೆಂದು ಮಾಡಿದ್ದ ಪುಟ್ಟ ಇಂಜಿನ್ನುಗಳು ಯಾರಿಗೂ ಬೇಡದೆ ಬಿದ್ದಿದ್ದುವು. ಅವುಗಳನ್ನು ತಂದು ಸೈಕಲ್ಲಿಗೆ ಕಟ್ಟಿದ. ಪೆಟ್ರೋಲು ಡಬ್ಬಕ್ಕೆ ಮೊದಲು ಉಪಯೋಗಿಸಿದ್ದು ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ತಪ್ಪಲೆ. ಅವನ ಹೆಂಡತಿ ಸಾಚಿ ಅಕ್ಕಿ ತರಕಾರಿಗಾಗಿ ದೂರದೂರಕ್ಕೆ ಸೈಕಲ್ಲು ತುಳಿಯಬೇಕಾಗಿತ್ತು. ಮಾಡಿದ ಗಾಡಿಯನ್ನು ಮೊದಲು ಅವಳ ಕೈಗೇ ಕೊಟ್ಟ. ಅವಳು ಊರ ಪೇಟೆಯಲ್ಲೆಲ್ಲ ಸುತ್ತಿ ಬಂದು, ಎಣ್ಣೆ ಚಿಮ್ಮಿ ಉಟ್ಟ ಬಟ್ಟೆಯೆಲ್ಲ ಹಾಳಾಯಿತೆಂದು ಗೊಣಗಿದಳು. ಅವನು ಕಾರ್ಬುರೇಟರನ್ನು ಸರಿಪಡಿಸಿದ. ಕಳೆ ಕೊಚ್ಚುವ ಈ ಇಂಜಿನ್ನು ಮಾಡುವವರೂ ಅದೇ ಹೋಂಡಾದವರು.

ಭಾವನವರು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಕಾಫಿ ತರುತ್ತಾರೆಂದು ಕೂತೆ. ಬಹಳ ಹೊತ್ತು ಬರಲಿಲ್ಲ. ನಲ್ಲಿಯ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಬಂದಾಗ ಕೈಯಲ್ಲಿ ಲೋಟವಿರಲಿಲ್ಲ.

“ಆ ಟಿವಿಎಸ್ಸು ಇಬ್ಬರನ್ನ ಎಳೀತಿತ್ತು, ನೆಲ ಸಮ ಇದ್ದರೆ. ಚಾಮುಂಡಿ ಬೆಟ್ಟದ ರಸ್ತೇಲಿ ಆಗ್ತಿರಲಿಲ್ಲ. ಎರಡನೇ ತಿರುವು ಬರೋ ಹೊತ್ತಿಗೆ ಉಸಿರು ಬಿಡೋದು. ನಾನೇನೂ ಹೇಳ್ತಿರಲಿಲ್ಲ, ಅವಳೇ ಇಳಿದುಬಿಡ್ತಿದ್ದಳು. ನಾನು ಮುಂದೆ ಹೋಗಿ ತಿರುವಿನಲ್ಲಿ ನಿಲ್ಲಿಸಿಕೊಂಡು ಕಾಯೋದು. ಸೆರಗು ಸಿಕ್ಕಿಸಿಕೊಂಡು, ಯಾರ ಹತ್ತಿರವೋ ಮಾತಾಡಿಕೊಂಡು ಬರೋಳು. ನೂರು ಸಿ.ಸಿ.ದು ತಗೋತೀನಿ ಅಂತ ಪ್ರತಿ ಸಲ ಹೇಳ್ತಿದ್ದೆ” ಎಂದರು. ಸ್ವಲ್ಪ ತಡೆದು, “ತಗೊಳ್ಳೋ ಹೊತ್ತಿಗೆ ಅವಳಿಗೆ ಮಂಡಿ ನೋವು. ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ಬರೋಣ ಅಂತಿದ್ದಳು” ಎಂದರು.

ನಾನು ನೆಲ ನೋಡುತ್ತ ಕೂತೆ.

“ಇಪ್ಪತ್ತೈದು ಸಾಕು. ಒಬ್ಬನಿಗೆ ತಾನೆ” ಎಂದು ಅವರು ಅಳತೆಯ ಪಟ್ಟಿ ಎತ್ತಿಕೊಂಡರು.

ಮುಂದಿನದೆಲ್ಲ ಅವರ ವಿದ್ಯೆ. ನಾನು ಸ್ಪ್ಯಾನರು ಕೊಡುವ ಆಳು. ಆದರೂ ಒಂದು ಲೆಕ್ಕವನ್ನು ಇಲ್ಲಿ ಹೇಳದಿರಲಾರೆ, ಏಕೆಂದರೆ ಅದನ್ನು ಮಾಡಿದವನು ನಾನು. ಸೈಕಲ್ಲಿನ ಚಕ್ರ ಒಮ್ಮೆ ಸುತ್ತಿದರೆ 2.2 ಮೀಟರು ದೂರ. ಗಂಟೆಗೆ 25 ಕಿಲೋಮೀಟರು ಹೋಗಬೇಕಾದರೆ ನಿಮಿಷಕ್ಕೆ 190 ಸುತ್ತು. ಇಂಜಿನ್ನು ತನ್ನ ಪೂರ್ಣಬಲ ಕೊಡುವುದು 7000 ಸುತ್ತಿನಲ್ಲಿ. ಅದೂ ಸುಮಾರು ಒಂದು ಕುದುರೆ. ಎಂದರೆ ಇಂಜಿನ್ನು 37 ಸಲ ಸುತ್ತಿದಾಗ ಚಕ್ರ ಒಂದು ಸಲ ಸುತ್ತಬೇಕು. ಮಿನರ್ವದವರಿಗೆ ಒಂದು ಚಿಕ್ಕ ರಾಟೆ, ಒಂದು ದೊಡ್ಡ ರಾಟೆ ಸಾಕಾಗುತ್ತಿತ್ತು. ನಮಗೆ ಎರಡು ಮೆಟ್ಟಿಲು ಬೇಕಾಯಿತು. ಇಂಜಿನ್ನಿನ ಮಗ್ಗುಲಲ್ಲೇ ಹಲ್ಲಿನ ಬೆಲ್ಟಿನಿಂದ ಐದಕ್ಕೆ ಒಂದು. ಅಲ್ಲಿಂದ 60 ಮಿಲಿಮೀಟರಿನ ರಾಟೆಗೆ ತೊಗಲಿನ ಬಣ್ಣದ ಬೆಲ್ಟು ತೊಡಿಸಿ ಹಿಂದಿನ ಚಕ್ರಕ್ಕೆ. ಅಲ್ಲಿನ ದೊಡ್ಡ ರಾಟೆಗೆ ಮಕ್ಕಳ ಸೈಕಲ್ಲಿನ ರಿಮ್ಮೊಂದನ್ನು ಕಡ್ಡಿಗಳಿಗೆ ಕಟ್ಟಿದರು. ಅದರ ಅಡ್ಡಳತೆ 450. ಗುಣಿಸಿದರೆ ಮೂವತ್ತೇಳೂವರೆ. ಇಂಥ ಲೆಕ್ಕ ಸರಿಬಂದಾಗ ಆಗುವ ಸಂತೋಷ, ತಪ್ಪಿದ್ದ ಒಂದು ಗಣ ಸರಿಯಾಗಿ ಕೂತಾಗಿನ ಸಂತೋಷಕ್ಕೆ ಏನೂ ಕಡಮೆಯದಲ್ಲ. ಪ್ಲಾಸ್ಟಿಕ್ಕಿನ ಚಿಪ್ಪಿನ ಜಾಗಕ್ಕೆ ಅವರು ತಾಮ್ರದ ತಗಡನ್ನು ತಟ್ಟಿ, ಗಾಳಿ ಹಾಯುವ ದಾರಿಯನ್ನು ಹಾಗೆಯೇ ಉಳಿಸಿ, ಅದಕ್ಕೊಂದು ಹೊದಿಕೆ ಮಾಡಿದರು. ಆ ತಗಡು ಅಕ್ಕನ ಹಳೆಯ ನೀರಿನ ಹಂಡೆಯದೆಂದು ಅವರ ಮಗಳು ಆಮೇಲೆ ನನಗೆ ಹೇಳಿದಳು.

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಬೆಟ್ಟದ ರಸ್ತೆಗೆ ಹೊರಟೆವು. ಭಾವನವರು ಮುಂದೆ, ಸ್ಕೂಟರಿನಲ್ಲಿ ನಾನು ಹಿಂದೆ. ಸಮನೆಲದಲ್ಲಿ ಅದು ಹೋದದ್ದನ್ನು ಕಂಡು ವಾಕಿಂಗಿನವರೆಲ್ಲ ನಿಂತುಬಿಟ್ಟರು. ಒಬ್ಬರು, ಇದು ಮಹಾರಾಜರ ಕಾಲದ್ದೇ ಎಂದು ಕೇಳಿದರು. ಏರು ಮೊದಲಾಯಿತು. ಸದ್ದು ದಪ್ಪವಾಯಿತು. ಭಾವನವರು ಪೆಡಲು ತುಳಿಯತೊಡಗಿದರು. ಒಂದು ಕುದುರೆ, ಅರವತ್ತು ದಾಟಿದ ಎರಡು ಕಾಲು, ಎರಡೂ ಸೇರಿ ಮೊದಲನೆಯ ತಿರುವು ದಾಟಿದರು. ಎರಡನೆಯದನ್ನೂ ದಾಟಿದರು. ದಾಟಿದವರು ಎಡಕ್ಕೆ ತೆಗೆದು, ಕಾಲೂರಿ, ನಿಲ್ಲಿಸಿದರು.

ನಾನು ಹತ್ತಿರ ಬಂದು “ಕಾದುಹೋಯಿತೆ, ಭಾವ?” ಎಂದೆ.

“ಇಲ್ಲ. ಇಲ್ಲಿ ನಿಲ್ಲಿಸೋದು ರೂಢಿ” ಎಂದರು. ನಾವು ಬಂದ ರಸ್ತೆಯ ಕಡೆ ತಿರುಗಿ ಒಂದೆರಡು ನಿಮಿಷ ನಿಂತರು. ಇಂಜಿನ್ನು ಮೆಲ್ಲಗೆ ಆಡುತ್ತಲೇ ಇತ್ತು. ಆಮೇಲೆ ಬಗ್ಗಿ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದರು.

“ಏರಿಗೆ ರಾಟೆ ಇನ್ನೂ ಚಿಕ್ಕದಾಗಬೇಕು. 60 ಅಲ್ಲ, 50. ಲೆಕ್ಕ ಹಾಕಿಕೊಂಡು ಬಾ, ಮುಂದಿನ ಭಾನುವಾರ” ಎಂದರು.